ಬಾಸೆಲ್‌ಗೆ ಹೊರಟಿದ್ದೇವೆ: ಅಲ್ಲಿನ ಊರ ಚರಿತ್ರೆಯ ಮ್ಯೂಸಿಯಂ ಅಪ್ಪನಿಗೆ ತೋರಿಸ್ಬೇಕು, ಹೇಗೆ ಹೋಗುವುದು ಒಳ್ಳೆಯದು?

ಜೆಪ್ಪು_ಹೊಳೆಬದಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸಕ್ಕಿದ್ದಾನೆ. ಮಳೆಗಾಲ ಹಿಡಿಯುವ ಮೊದಲು ಅಪ್ಪ, ಅಮ್ಮ, ನಾನು ಹೋಗಿ ಬರುವುದು ಅಂತ ಆಗಿದೆ. ವೀಸಾ ಸಿಕ್ಕಿತು. ತಮ್ಮ ಕಳಿಸಿದ ಪಟ್ಟಿಯಲ್ಲಿ ಇರುವುದು ಹಿಮದ ಬೆಟ್ಟ, ಸರೋವರ, ಕೇಬಲ್ ಕಾರು. ಅಪ್ಪ ಅದನ್ನು ಓದಿ ಮಡಚಿಟ್ಟು ಕೇಳಿದ್ದು ಒಂದೇ: "ಬಾಸೆಲ್ ಮಿಶನ್‌ನ ಬಾಸೆಲ್ ಅಲ್ವಾ ಅದು? ಆ ಊರು ಹೇಗೆ ಬೆಳೀತು ಅಂತ ತೋರಿಸುವ ಜಾಗ ಇಲ್ವಾ?" ನಮ್ಮ ಮಂಗಳೂರಿಗೆ ಬಂದು ಹೆಂಚಿನ ಕಾರ್ಖಾನೆ, ಪ್ರೆಸ್ಸು ಹಾಕಿದ ಕ್ರೈಸ್ತ ಮಿಶನ್ ಅದು.

ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ದುಡಿದವರು, ಹೆಂಚು ಸುಡುವ ವಿಭಾಗದಲ್ಲಿ. ಆ ಕಾರ್ಖಾನೆ ಈಗ ಇಲ್ಲ, ಜಾಗದಲ್ಲಿ ಫ್ಲ್ಯಾಟುಗಳಾಗಿವೆ. ನಮ್ಮ ಹಳೇ ಮನೆಯ ಮಾಡಿನಲ್ಲಿ 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865' ಅಂತ ಅಚ್ಚಿರುವ ಹೆಂಚು ಇನ್ನೂ ಉಂಟು. ಈ ಕಡೆಯ ಎಷ್ಟೋ ಮನೆಗಳಲ್ಲಿ ಉಂಟು ಅಂತ ನಿಮಗೆಲ್ಲ ಗೊತ್ತೇ.

ಅಲ್ಲಿ ಹಳೇ ಇಗರ್ಜಿಯೊಳಗೆ (ಚರ್ಚಿನೊಳಗೆ) ಊರ ಚರಿತ್ರೆಯ ಮ್ಯೂಸಿಯಂ ಉಂಟು ಅಂತ ತಮ್ಮ ಹೇಳ್ತಾನೆ. ಒಳಗೆ ಹೋದವ ಅಲ್ಲ. ಎಪ್ಪತ್ತು ದಾಟಿದವರಿಗೆ ಆಗ್ತದಾ? ಎಷ್ಟು ಹೊತ್ತು ಬೇಕು? ನಮ್ಮ ಮಂಗಳೂರಿನದ್ದು ಏನಾದ್ರೂ ಅಲ್ಲಿ ಉಂಟಾ? ಹೋದವರು ದಯವಿಟ್ಟು ಬರೆಯಿರಿ.

ರಥಬೀದಿ_ಉಡುಪಿ

ಅಕ್ಕ, ನಾನು ಬಾಸೆಲ್ ನೋಡಿಲ್ಲ. ಆದ್ರೆ ವಯಸ್ಸಾದವರನ್ನು ಕರ್ಕೊಂಡು ಹೊರದೇಶ ಸುತ್ತಿದ ಅನುಭವ ಉಂಟು. ಊರ ಮ್ಯೂಸಿಯಂ ಅಂದ್ರೆ ಎಲ್ಲರೂ ಕೊನೇ ದಿನಕ್ಕೆ ಇಡ್ತಾರೆ, ಮಳೆ ಬಂದ್ರೆ ಹೋಗುವ ಅಂತ. ನೀವು ಮೊದಲಿಗೇ ಇಟ್ಟುಕೊಳ್ಳಿ. ವಿಮಾನದ ದಣಿವು ಕಳೆದ ಮರುದಿನವೇ. ಗೋಡೆ ಎಲ್ಲಿತ್ತು, ಹೊಳೆ ಯಾವ ಕಡೆ, ಯಾರು ಎಲ್ಲಿ ವಾಸ ಇದ್ದರು ಅಂತ ಒಮ್ಮೆ ಒಳಗೆ ತಿಳ್ಕೊಂಡ್ರೆ ಆಮೇಲೆ ಬೀದಿಯಲ್ಲಿ ನಡೆಯುವಾಗ ಕಣ್ಣಿಗೆ ಬೀಳುವುದೇ ಬೇರೆ.

ಯುರೋಪಿನ ಹೆಚ್ಚಿನ ಮ್ಯೂಸಿಯಂಗಳು ಸೋಮವಾರ ಮುಚ್ಚಿರ್ತವೆ, ನೆನಪಿಡಿ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್. ಹಾಗಾಗಿ ಭಾನುವಾರ ಮ್ಯೂಸಿಯಂಗೆ ಒಳ್ಳೆ ದಿನ.

ಬಲ್ಮಠ_ಗುಡ್ಡೆ

ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನು ಬಾಸೆಲ್‌ನಲ್ಲಿ ಓದಿದವ, ಆ ಮ್ಯೂಸಿಯಂಗೆ ಬೇಕಾದಷ್ಟು ಸಲ ಹೋಗಿದ್ದೇನೆ. ಸ್ವಲ್ಪ ಉದ್ದ ಬರೀತೇನೆ, ಸಹಿಸ್ಕೊಳ್ಳಿ.

ಊರ ನಡುವಿನ ಬಾರ್ಫ್ಯೂಸರ್ ಚೌಕದಲ್ಲೇ ಇರುವುದು. ಟ್ರಾಮ್ ಇಳಿದ್ರೆ ಎದುರಿಗೇ. 14ನೇ ಶತಮಾನದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಇಗರ್ಜಿ ಅದು. 1529ರಲ್ಲಿ ಊರು ಪ್ರೊಟೆಸ್ಟಂಟ್ ಆದ ಮೇಲೆ ಸನ್ಯಾಸಿಗಳು ಇಲ್ಲವಾದರು. ಮುಂದೆ ಒಂದು ಕಾಲದಲ್ಲಿ ಉಪ್ಪಿನ ದಾಸ್ತಾನು ಮಳಿಗೆಯೂ ಆಗಿತ್ತು. ಮ್ಯೂಸಿಯಂ ಆದದ್ದು 1894ರಲ್ಲಿ. ಅದೇ ವರ್ಷ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಕಿಟೆಲ್‌ರ ನಿಘಂಟು ಹೊರಬಂದದ್ದು. ಇಸವಿ ಓದಿದಾಗ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಒಳಗೆ ಮೂರು ವಸ್ತುಗಳನ್ನು ಅಪ್ಪನಿಗೆ ಅವಸರ ಇಲ್ಲದೆ ತೋರಿಸಿ. ಒಂದು, ಲಾಲೆಕೋನಿಗ್ ಅಂತ ಅವರು ಕರೆಯುವ ಕಿರೀಟದ ತಲೆ. ರೈನ್ ಹೊಳೆಯ ಸೇತುವೆ ಬಾಗಿಲಿನ ಗೋಪುರದಲ್ಲಿತ್ತು. ಗಡಿಯಾರದ ಯಂತ್ರ ಜೋಡಿಸಿದ್ದರಿಂದ ಕಣ್ಣು ತಿರುಗುತ್ತಿತ್ತು, ಹೊಳೆಯ ಆಚೆ ಕಡೆಯವರತ್ತ ನಾಲಿಗೆ ಚಾಚುತ್ತಿತ್ತು. ಗೋಪುರವನ್ನು 1839ರಲ್ಲಿ ಕೆಡವಿದರು, ತಲೆಯನ್ನು ಉಳಿಸಿದರು.

ಎರಡನೆಯದು ಸಾವಿನ ಕುಣಿತದ ಚಿತ್ರದ ತುಂಡುಗಳು. 1440ರ ಸುಮಾರಿಗೆ ಸ್ಮಶಾನವೊಂದರ ಉದ್ದದ ಗೋಡೆಯ ಮೇಲೆ ಬರೆದದ್ದು. ಸಾವು ಒಬ್ಬೊಬ್ಬರನ್ನೇ ಕೈಹಿಡಿದು ಕರ್ಕೊಂಡು ಹೋಗ್ತದೆ: ಪೋಪ್, ಚಕ್ರವರ್ತಿ, ವೈದ್ಯ, ವ್ಯಾಪಾರಿ, ಅಡುಗೆಯವ, ರೈತ. ಯಾರಿಗೂ ವಿನಾಯಿತಿ ಇಲ್ಲ. 1805ರಲ್ಲಿ ಆ ಗೋಡೆಯನ್ನು ಕೆಡವಿದರು. ಆಗ ಕೆಲವು ಊರವರು ಮುಖಗಳ ತುಂಡುಗಳನ್ನು ಎತ್ತಿಟ್ಟುಕೊಂಡರು. ಹಾಗೆ ಉಳಿದ 19 ತುಂಡು ಈಗ ಮ್ಯೂಸಿಯಂನಲ್ಲಿವೆ. ಕಾರ್ಖಾನೆ ಕೆಡವಿ ಫ್ಲ್ಯಾಟು ಎದ್ದದ್ದನ್ನು ನೋಡಿದ ನಿಮ್ಮ ತಂದೆಗೆ ಆ ತುಂಡುಗಳ ಮುಂದೆ ನಿಂತಾಗ ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯದು ಮ್ಯೂನ್‌ಸ್ಟರ್ ಅನ್ನುವ ಊರಿನ ದೊಡ್ಡ ಇಗರ್ಜಿಯ ಚಿನ್ನ ಬೆಳ್ಳಿಯ ಭಂಡಾರ. 1833ರಲ್ಲಿ ಪೇಟೆಗೂ ಸುತ್ತಲಿನ ಹಳ್ಳಿಗಳಿಗೂ ಜಗಳವಾಗಿ ರಾಜ್ಯವೇ ಎರಡು ಪಾಲಾಯಿತು. ಭಂಡಾರದಲ್ಲೂ ಪಾಲು. ಹಳ್ಳಿಯವರಿಗೆ ಮೂರರಲ್ಲಿ ಎರಡು ಭಾಗ ಹೋಯಿತು. ಅವರು 1836ರಲ್ಲಿ ಅದನ್ನು ಹರಾಜು ಹಾಕಿದರು, ವಸ್ತುಗಳು ಯುರೋಪಿಡೀ ಚದುರಿದವು. ಪೂಜಾವೇದಿಕೆಯ ಮುಂಭಾಗಕ್ಕೆ ಹಾಕುವ ಚಿನ್ನದ ತಗಡಿನ ಫಲಕವೊಂದು ಇವತ್ತು ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಂನಲ್ಲಿದೆ. ಮನೆ ಪಾಲಾದಾಗ ದೇವರ ಸಾಮಾನಿಗೂ ಪಾಲು ಬೀಳುವುದು ನಮಗೆ ಹೊಸತಲ್ಲ.

ಇನ್ನು ಮಂಗಳೂರಿನ ವಿಷಯ. ಈ ಕಟ್ಟಡದಲ್ಲಿ ಅದನ್ನು ಹುಡುಕ್ಬೇಡಿ. ಅದು ಬಾಸೆಲ್ ಪೇಟೆ ತನ್ನ ಬಗ್ಗೆ ಹೇಳ್ಕೊಳ್ಳುವ ಜಾಗ. ಮಿಶನ್‌ನ ಕಡತ, ನಕ್ಷೆ, ಫೋಟೋಗಳು ಮಿಶನ್ಸ್‌ಸ್ಟ್ರಾಸೆ 21ರ ಹಳೇ ಮಿಶನ್ ಮನೆಯ ಆರ್ಕೈವ್‌ನಲ್ಲಿವೆ. ಸ್ಪಾಲೆನ್‌ಟೋರ್ ಅನ್ನುವ ಹಳೇ ಊರಬಾಗಿಲು ದಾಟಿದ ಕೂಡಲೇ ಸಿಗ್ತದೆ. ಮಿಶನ್‌ನವರು ಬೇರೆ ಬೇರೆ ದೇಶಗಳಿಂದ ತಂದ ವಸ್ತುಗಳು ದೊಡ್ಡ ಇಗರ್ಜಿಯ ಹತ್ತಿರದ 'ಮ್ಯೂಸಿಯಂ ದೇರ್ ಕುಲ್ತುರೆನ್'ಗೆ ಸೇರಿವೆ.

ಇಗರ್ಜಿ ಮ್ಯೂಸಿಯಂಗೆ ಎರಡು ಗಂಟೆ ಸಾಕು. ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡ್ರೆ ಅದರಲ್ಲೇ ನೂರಾರು ಮ್ಯೂಸಿಯಂಗಳ ಪ್ರವೇಶ ಸೇರಿರ್ತದೆ, ಯಾವುದೆಲ್ಲ ಅಂತ ಪಟ್ಟಿ ನೋಡಿ. ಕುಡಿಯುವ ನೀರು ಕೊಳ್ಬೇಡಿ. ಬೀದಿ ಬೀದಿಯಲ್ಲಿ ಕಾರಂಜಿ ಉಂಟು, ಆ ನೀರು ಕುಡಿಯಬಹುದು.

ಕೊಡಿಯಾಲ್‌ಬೈಲ್_ನಿವಾಸಿ

ನಾನು ಸ್ವಲ್ಪ ಬೇರೆ ಮಾತು ಹೇಳ್ಬೇಕು, ಬೇಸರ ಮಾಡ್ಕೊಳ್ಬೇಡಿ. ಬಾಸೆಲ್ ಅಂದ ಕೂಡಲೇ ನಾವು ಕೈಮುಗಿಯುವ ಅಭ್ಯಾಸ ಉಂಟು. ಅವರು ಬಂದದ್ದು ಮತಪ್ರಚಾರಕ್ಕೆ. ಮತ ಬದಲಿಸಿದವರು ಮನೆ, ಜಾತಿ, ಕಸುಬು ಎಲ್ಲ ಕಳ್ಕೊಂಡಾಗ ಅವರಿಗೆ ದುಡಿಮೆ ಬೇಕಾಯಿತು, ಅದಕ್ಕೆ ನೇಯ್ಗೆ, ಹೆಂಚು ಎಲ್ಲ ಬಂತು. ಮಣ್ಣು ನಮ್ಮ ನೇತ್ರಾವತಿಯದ್ದು, ಬೆವರು ನಮ್ಮವರದ್ದು, ಅಚ್ಚಿನಲ್ಲಿ ಹೆಸರು ಅವರದ್ದು. ಆ ಊರಿಗೆ ಯಾತ್ರೆಯ ಹಾಗೆ ಹೋಗುವುದಕ್ಕಿಂತ ತಂದೆಯವರಿಗೆ ಬೆಟ್ಟ ತೋರಿಸಿ. ಅವರು ಇಡೀ ಜೀವಮಾನ ಬೆಂಕಿಯ ಎದುರು ಇದ್ದವರು, ಹಿಮ ನೋಡ್ಲಿ.

ಶ್ರೀಮಂತರ ಬೆಳ್ಳಿ ತಟ್ಟೆ ನೋಡಿ ಕೆಲಸಗಾರನಿಗೆ ಏನು ಸಿಗ್ತದೆ ಅನ್ನುವುದೂ ನನ್ನ ಪ್ರಶ್ನೆ.

ಜೆಪ್ಪು_ಹೊಳೆಬದಿ

ಬೇಸರ ಇಲ್ಲ ಅಣ್ಣ. ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನೇ ಬರೀತೇನೆ: "ಕೈಮುಗಿಯಲಿಕ್ಕೆ ಅಲ್ಲ. ಇಲ್ಲಿ ಕಾರ್ಖಾನೆ ಹಾಕುವಷ್ಟು ಹಣ ಆ ಸಣ್ಣ ಊರಿನಲ್ಲಿ ಎಲ್ಲಿಂದ ಬಂತು? ಅದು ನನಗೆ ಗೊತ್ತಾಗ್ಬೇಕು."

ಬೆಟ್ಟಕ್ಕೂ ಹೋಗ್ತೇವೆ, ಅಮ್ಮನಿಗೆ ಹಿಮ ಮುಟ್ಟಬೇಕು ಅಂತ ಉಂಟು.

ಬಲ್ಮಠ_ಗುಡ್ಡೆ

ತಂದೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದನ್ನು ಹಿಡ್ಕೊಂಡು ಹೋದ್ರೆ ಬಾಸೆಲ್ ಪೂರ್ತಿ ಓದಬಹುದು.

ಹಣ ಬಂದದ್ದು ಬಹುಪಾಲು ವ್ಯಾಪಾರದಿಂದ ಮತ್ತು ರೇಷ್ಮೆ ರಿಬ್ಬನ್‌ನಿಂದ. 19ನೇ ಶತಮಾನದಲ್ಲಿ ಯುರೋಪಿನ ಹೆಂಗಸರ ಟೋಪಿ, ಲಂಗಗಳಿಗೆ ಬೇಕಾದ ರಿಬ್ಬನ್ ಬಹಳಷ್ಟು ಬಾಸೆಲ್‌ನದ್ದು. ಮಗ್ಗ ಪೇಟೆಯ ಧಣಿಯದ್ದು, ಅದು ಇರುತ್ತಿದ್ದದ್ದು ಹಳ್ಳಿಯ ರೈತನ ಮನೆಯಲ್ಲಿ. ಇಡೀ ಮನೆ ನೇಯುತ್ತಿತ್ತು, ಕೂಲಿ ತುಂಡಿನ ಲೆಕ್ಕದಲ್ಲಿ. ರೇಷ್ಮೆಗೆ ಬಣ್ಣ ಬೇಕು. 1859ರಲ್ಲಿ ಕ್ಲಾವೆಲ್ ಅನ್ನುವವರು ಬಾಸೆಲ್‌ನಲ್ಲಿ ಫ್ಯೂಕ್ಸಿನ್ ಎಂಬ ಕೃತಕ ಬಣ್ಣ ಮಾಡಲು ಶುರು ಮಾಡಿದರು. ಬಣ್ಣದಿಂದ ರಾಸಾಯನಿಕ, ರಾಸಾಯನಿಕದಿಂದ ಔಷಧಿ. ಇವತ್ತಿನ ಬಾಸೆಲ್‌ನ ದೊಡ್ಡ ಔಷಧಿ ಉದ್ಯಮದ ಬುಡ ಅಲ್ಲಿ ಉಂಟು. ಮಗ ಬಾಸೆಲ್‌ನಲ್ಲಿ ಕೆಲಸಕ್ಕೆ ಇರುವ ಮನೆಯವರು ಈ ದಾರಿಯನ್ನು ನೋಡಲೇಬೇಕು.

ಆ ರಿಬ್ಬನ್ ಮನೆತನದವರು ಮಿಶನ್‌ನ ಸಮಿತಿಯಲ್ಲೂ ಇದ್ದರು. ಆದ್ರೆ ಹಣ ಎಲ್ಲ ಅವರದ್ದೇ ಅಲ್ಲ. 1855ರಿಂದ ಅರ್ಧ ಬಾಟ್ಸೆನ್ ಅನ್ನುವ ಚಿಲ್ಲರೆ ಕಾಸನ್ನು ವಾರ ವಾರ ಮನೆ ಮನೆಯಿಂದ ಎತ್ತುವ ಪದ್ಧತಿ ಬಂತು. ಕೆಲಸದಾಕೆಯರು, ಕೂಲಿಯವರು ಕೂಡ ಕೊಟ್ಟರು. ಅಂದ್ರೆ ಇಲ್ಲಿ ಬಂದ ಹಣದಲ್ಲಿ ಅಲ್ಲಿನ ಬಡವರ ಕಾಸೂ ಸೇರಿತ್ತು. ಬಂದ ಮಿಶನರಿಗಳು ಕೂಡ ಹೆಚ್ಚಿನವರು ಬಾಸೆಲ್ ಪೇಟೆಯವರಲ್ಲ, ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ಹಳ್ಳಿ, ಸಣ್ಣ ಪೇಟೆಗಳವರು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು ಹೆಬಿಕ್, ಲೇನರ್, ಗ್ರೈನರ್. ಮಿಶನ್‌ನ ವ್ಯಾಪಾರದ ಕಂಪೆನಿ ಬೇರೆಯಾಗಿ ಶುರುವಾದದ್ದು 1859ರಲ್ಲಿ, ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರಲ್ಲಿ. ಮೊದಲ ಮಹಾಯುದ್ಧ ಬಂದಾಗ ಜರ್ಮನರನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ಕೊಡಿಯಾಲ್‌ಬೈಲ್‌ನವರು ಹೇಳಿದ ಮಣ್ಣು, ಬೆವರಿನ ಮಾತು ಸತ್ಯ. ಕೆಲಸಗಾರನಿಗೆ ಏನು ಸಿಗ್ತದೆ ಅಂತ ಕೇಳಿದ್ದಕ್ಕೆ ಎರಡು ಜಾಗ ಹೇಳ್ತೇನೆ. ಒಂದು ಸೇಂಟ್ ಆಲ್ಬನ್ ಕಡೆಯ ಕಾಗದದ ಮಿಲ್ಲು. ನೀರಿನ ಚಕ್ರ ಇನ್ನೂ ತಿರುಗ್ತದೆ. ಕಾಗದ ಎತ್ತುವುದು, ಅಚ್ಚಿನ ಮೊಳೆ ಎರಕ ಹೊಯ್ಯುವುದು, ಮುದ್ರಣ ಎಲ್ಲವನ್ನೂ ಕೆಲಸ ಗೊತ್ತಿದ್ದವರು ಕಣ್ಣೆದುರೇ ಮಾಡಿ ತೋರಿಸ್ತಾರೆ. ಇನ್ನೊಂದು ಲೀಸ್ಟಾಲ್ ಅನ್ನುವ ಪಕ್ಕದ ಊರಿನ ಮ್ಯೂಸಿಯಂ. ಹಳ್ಳಿಯವರು ಹರಾಜು ಹಾಕಿದರು ಅಂದೆನಲ್ಲ, ಆ ಪಾಲಿನ ರಾಜಧಾನಿ ಅದು. ರಿಬ್ಬನ್ ಮಗ್ಗಗಳು ಅಲ್ಲಿವೆ. ಪೇಟೆಯ ಮ್ಯೂಸಿಯಂನಲ್ಲಿ ಧಣಿಯ ಮನೆಯ ಸಾಮಾನು, ಹಳ್ಳಿಯ ಮ್ಯೂಸಿಯಂನಲ್ಲಿ ಮಗ್ಗ. ಎರಡನ್ನೂ ಜೋಡಿಸಿ ನೋಡಿದ್ರೆ ಮಾತ್ರ ಕತೆ ಪೂರ್ತಿ ಆಗ್ತದೆ.

ಮಲ್ಪೆ_ಕಡಲಕರೆ

ಈ ಮಾತಿಗೆ ಪೋರ್ಚುಗಲ್ಲಿನ ಲಿಸ್ಬನ್‌ನದ್ದು ಸೇರಿಸ್ತೇನೆ. ಅಲ್ಲಿನ ಊರ ಮ್ಯೂಸಿಯಂ ಐದು ಜಾಗಗಳಲ್ಲಿ ಹಂಚಿದೆ, ಮುಖ್ಯವಾದದ್ದು ಕಾಂಪೊ ಗ್ರಾಂಡೆ ಬಳಿಯ ಪಿಮೆಂಟಾ ಅರಮನೆ. ಅಲ್ಲಿ ಒಂದು ಕೋಣೆ ತುಂಬ ಲಿಸ್ಬನ್‌ನ ಮಾದರಿ ಉಂಟು, 1755ರ ನವೆಂಬರ್ 1ರ ಭೂಕಂಪಕ್ಕೆ ಮೊದಲಿನ ಊರು. ಇಕ್ಕಟ್ಟಾದ ಗಲ್ಲಿಗಳು, ಹೊಳೆದಡದ ಅರಮನೆ, ಹಡಗುಕಟ್ಟೆ. ಭೂಕಂಪ, ಬೆಂಕಿ, ಸಮುದ್ರದ ಅಲೆ ಮೂರೂ ಒಂದೇ ದಿನ ಅದನ್ನು ನುಂಗಿದವು. ಅದನ್ನು ನೋಡಿ ಹೊರಬಂದು ಇವತ್ತಿನ ಬೈಷಾ ಪೇಟೆಯಲ್ಲಿ ನಡೆದೆ. ಬೀದಿಗಳು ಅಷ್ಟು ನೇರ ಯಾಕೆ ಅಂತ ಆಗ ಗೊತ್ತಾಯ್ತು. ಅದು ಭೂಕಂಪದ ಮೇಲೆ ಹೊಸದಾಗಿ ಗೆರೆ ಎಳೆದು ಕಟ್ಟಿದ್ದು. ರಥಬೀದಿಯವರು ಹೇಳಿದ್ದು ಸರಿ, ಮ್ಯೂಸಿಯಂ ಮೊದಲು, ಬೀದಿ ಆಮೇಲೆ.

ಆ ಮಾದರಿಯ ಹಡಗುಕಟ್ಟೆ ನೋಡುವಾಗ ನನಗೆ ಬಂದದ್ದು ಅಕ್ಕಿಯ ಯೋಚನೆ. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು ಕಾಳುಮೆಣಸಿಗೆ ಮಾತ್ರ ಅಲ್ಲ. ನಮ್ಮ ಕರಾವಳಿಯ ಅಕ್ಕಿ ಗೋವೆಗೆ ಹೋಗ್ಬೇಕಿತ್ತು. ಬಸ್ರೂರು, ಬಾರ್ಕೂರು, ಮಂಗಳೂರು ಎಲ್ಲ ಆ ಅಕ್ಕಿಯ ಬಂದರುಗಳು. ಉಳ್ಳಾಲದ ರಾಣಿ ಅಬ್ಬಕ್ಕ ಕಾದಾಡಿದ್ದು ಪೋರ್ಚುಗೀಸರ ಕಪ್ಪದ ವಿರುದ್ಧ. ಆ ಊರಿನವರ ಊಟಕ್ಕೂ ನಮ್ಮ ಗದ್ದೆಗೂ ಸಂಬಂಧ ಇತ್ತು ಅಂತ ಗೊತ್ತಿದ್ದು ಹೋದವನಿಗೆ ಕಾಣುವುದೇ ಬೇರೆ. ನಮ್ಮ ಊರನ್ನು ತಿಳ್ಕೊಂಡು ಹೋಗ್ಬೇಕು, ಇಲ್ಲದಿದ್ರೆ ಎಲ್ಲ ಊರೂ ಒಂದೇ.

ಅತ್ತಾವರ_ರೈಲ್ವೆಗೇಟ್

ಲಂಡನ್ ಮೇಲೆ ಹೋಗುವವರಿದ್ರೆ: ಲಂಡನ್ ವಾಲ್‌ನಲ್ಲಿದ್ದ ಊರ ಮ್ಯೂಸಿಯಂ 2022ರ ಕೊನೆಗೆ ಮುಚ್ಚಿತು, ಸ್ಮಿತ್‌ಫೀಲ್ಡ್ ಹಳೇ ಮಾರುಕಟ್ಟೆ ಕಟ್ಟಡಕ್ಕೆ ಹೋಗ್ತಿದೆ. ಹಳೇ ಗೈಡ್ ಪುಸ್ತಕ ನಂಬಿ ಹೋಗ್ಬೇಡಿ. ಅದರದ್ದೇ ಡಾಕ್‌ಲ್ಯಾಂಡ್ಸ್ ಶಾಖೆ ಸಕ್ಕರೆಯ ಹಳೇ ಗೋದಾಮಿನಲ್ಲಿದೆ, ಪ್ರವೇಶ ಉಚಿತ. ಸಕ್ಕರೆಗೂ ಗುಲಾಮರ ವ್ಯಾಪಾರಕ್ಕೂ ಇದ್ದ ಸಂಬಂಧವನ್ನು ಅದೇ ಕಟ್ಟಡದಲ್ಲಿ ಬಿಚ್ಚಿ ಹೇಳಿದ್ದಾರೆ. ತಪ್ಪದೆ ನೋಡಿ.

ಬಂದರು_ದಕ್ಕೆ

ನಾನು ಗಲ್ಫಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಮೇಲೆ ದುಡಿದವ. ನಮ್ಮ ಊರಿನ ಹೆಚ್ಚಿನವರ ಹೊರದೇಶ ಅಂದ್ರೆ ಅದೇ ಅಲ್ವಾ? ಬಾಸೆಲ್, ಲಿಸ್ಬನ್ ಎಲ್ಲರಿಗೂ ಆಗುವುದಿಲ್ಲ. ದುಬೈಗೆ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಸಾವಿರಾರು ಜನ. ಅವರನ್ನು ಮಾಲ್‌ಗೆ ಮಾತ್ರ ಕರ್ಕೊಂಡು ಹೋಗ್ಬೇಡಿ. ಕ್ರೀಕ್ (ಊರೊಳಗೆ ಬರುವ ಕಡಲ ಕಾಲುವೆ) ದಡದ ಶಿಂದಗ ಮ್ಯೂಸಿಯಂಗೆ ಹೋಗಿ. ಹಳೇ ಮನೆಗಳನ್ನೇ ಸರಿಪಡಿಸಿ ಒಂದೊಂದರಲ್ಲಿ ಒಂದೊಂದು ವಿಷಯ ಇಟ್ಟಿದ್ದಾರೆ. ಕ್ರೀಕಿನ ಕತೆ, ಮುತ್ತಿನ ಕತೆ, ಅತ್ತರಿನ ಮನೆ. ಗಾಳಿ ಹಿಡಿಯುವ ಗೋಪುರ ಇರುವ ಹಳೇ ಮನೆಗಳನ್ನೂ ಆ ಕಡೆ ನೋಡಬಹುದು. ನಂತರ ಅಬ್ರಾ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ. 1787ರ ಅಲ್ ಫಾಹಿದಿ ಕೋಟೆಯಲ್ಲಿ 1971ರಿಂದ ಇದ್ದ ಮ್ಯೂಸಿಯಂ ದುರಸ್ತಿಗೆ ಅಂತ ಮುಚ್ಚಿತ್ತು, ಹೋಗುವ ಮೊದಲು ವಿಚಾರಿಸಿ.

ದುಬೈಯಲ್ಲಿ 1966ರವರೆಗೆ ನಡೆಯುತ್ತಿದ್ದದ್ದು ರೂಪಾಯಿ. ಮೊದಲು ನಮ್ಮದೇ ನೋಟು, 1959ರಿಂದ ಗಲ್ಫಿಗೆ ಅಂತಲೇ ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ಬೇರೆ ಬಣ್ಣದ ನೋಟು. ಇದನ್ನು ನನ್ನ ಮೊಮ್ಮಗನಿಗೆ ಹೇಳಿದಾಗ ಅವನ ಕಣ್ಣು ಅರಳಿತು.

ನನಗೊಂದು ಆಸೆ ಉಂಟು. ಹೊರಗಿನಿಂದ ಬಂದು ದುಡಿದವರ ಕೋಣೆ, ಅಟ್ಟದ ಮಂಚ, ಊರಿಗೆ ಕಳಿಸಿದ ಡ್ರಾಫ್ಟಿನ ಪ್ರತಿ, ಮಾತು ತುಂಬಿ ಕಳಿಸುತ್ತಿದ್ದ ಕ್ಯಾಸೆಟ್ಟು. ಇದೆಲ್ಲ ಊರ ಚರಿತ್ರೆಯೇ. ಆ ಊರುಗಳಿಗೂ, ನಮ್ಮ ಊರಿಗೂ. ಬಂದರ್, ಉಳ್ಳಾಲ, ಕಾಪು, ಶಿರ್ವ ಕಡೆಯ ಎಷ್ಟು ಮನೆಗಳು ಆ ದುಡ್ಡಿನಿಂದ ಎದ್ದವು! ಆ ಕ್ಯಾಸೆಟ್ಟುಗಳನ್ನು ಜನ ಈಗ ಗುಜರಿಗೆ ಹಾಕ್ತಿದ್ದಾರೆ.

ಮಣಿಪಾಲ_ಓದುಮನೆ

ಬಂದರು_ದಕ್ಕೆ ಅವರ ಮಾತು ಮನಸ್ಸಿಗೆ ನಾಟಿತು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು, ಆ ದೃಷ್ಟಿಯಿಂದ ಒಂದೆರಡು ಮಾತು.

ಮಂಗಳೂರಿನ ಚರಿತ್ರೆಯ ಕಾಗದಗಳು ಮಂಗಳೂರಿನಲ್ಲಿ ಇರುವುದಕ್ಕಿಂತ ಹೊರಗೆ ಹೆಚ್ಚು. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹಲವು ವರ್ಷ ಇದ್ದ. ಅವನ ಪರವಾಗಿ ಬೊಮ್ಮ ಎಂಬ ನಮ್ಮ ಕಡೆಯವನು ಏಡನ್‌ವರೆಗೆ ಸರಕು ಒಯ್ಯುತ್ತಿದ್ದ. ಇದು ಗೊತ್ತಾದದ್ದು ಕೈರೋದ ಯಹೂದಿ ಮಂದಿರದಲ್ಲಿ ಸಿಕ್ಕ ಪತ್ರಗಳಿಂದ. ಆ ರಾಶಿಯ ಬಹುಪಾಲು ಈಗ ಕೇಂಬ್ರಿಡ್ಜ್‌ನಲ್ಲಿದೆ. ಪೋರ್ಚುಗೀಸರ ಕಡತ ಗೋವೆ ಮತ್ತು ಲಿಸ್ಬನ್‌ನಲ್ಲಿ. ಮಿಶನ್‌ನದ್ದು ಬಾಸೆಲ್‌ನಲ್ಲಿ. ಹೀಗಾಗಿ ನಮ್ಮವರು ಹೊರದೇಶಕ್ಕೆ ಹೋದಾಗ ಅರ್ಧ ದಿನವನ್ನು ಇಂಥ ಜಾಗಕ್ಕೆ ಕೊಡುವುದು ಬರೇ ಹವ್ಯಾಸ ಅಂತ ನಾನು ಒಪ್ಪುವುದಿಲ್ಲ.

ಜೆಪ್ಪು ಅಕ್ಕನಿಗೆ: ಬಾಸೆಲ್ ಮಿಶನ್‌ನ ಹಳೇ ಫೋಟೋಗಳು ಬಿಎಂ ಆರ್ಕೈವ್ಸ್ ಎಂಬ ಜಾಲತಾಣದಲ್ಲಿವೆ, ದುಡ್ಡಿಲ್ಲ. ಮಂಗಳೂರು ಅಂತ ಇಂಗ್ಲಿಷಿನ ಹಳೇ ಕಾಗುಣಿತದಲ್ಲಿ ಹುಡುಕಿ. ಹೊರಡುವ ಮೊದಲು ತಂದೆಯವರನ್ನು ಕೂರಿಸ್ಕೊಂಡು ಒಟ್ಟಿಗೆ ನೋಡಿ. ಯಂತ್ರದ ಹೆಸರು, ಕೆಲಸದ ಹೆಸರು, ಯಾರು ಎಲ್ಲಿ ನಿಲ್ಲುತ್ತಿದ್ದರು ಎಲ್ಲವನ್ನೂ ಅವರು ಗುರುತಿಸಿಯಾರು. ಫೋನಿನಲ್ಲಿ ರೆಕಾರ್ಡ್ ಮಾಡಿ. ಆರ್ಕೈವ್‌ನಲ್ಲಿ ಎಷ್ಟೇ ಕಾಗದ ಇರಲಿ, ಬೆಂಕಿಯ ಬಣ್ಣ ನೋಡಿ ಹೆಂಚು ಬೆಂದದ್ದನ್ನು ಹೇಳುವ ಜ್ಞಾನ ನಿಮ್ಮ ತಂದೆಯ ಹತ್ತಿರ ಉಂಟು.

ಆರ್ಕೈವ್‌ಗೆ ನೇರ ಹೋದ್ರೆ ಆಗುವುದಿಲ್ಲ. ಮೊದಲೇ ಇ-ಮೇಲ್ ಮಾಡಿ ದಿನ ಗೊತ್ತು ಮಾಡ್ಕೊಳ್ಬೇಕು. "ಮಂಗಳೂರಿನ ಬಗ್ಗೆ ಏನಾದ್ರೂ" ಅಂತ ಬರೀಬೇಡಿ. ಜೆಪ್ಪು, ಹೆಂಚು, ಇಂತಿಷ್ಟು ಇಸವಿಯಿಂದ ಇಂತಿಷ್ಟರವರೆಗೆ ಅಂತ ಬರೀರಿ, ಆಗ ಅವರಿಗೆ ಹುಡುಕಿಡಲು ಸುಲಭ. ಹಳೇ ಕಡತ ಜರ್ಮನ್ ಕೈಬರಹ, ಓದಲು ಕಷ್ಟ. ಫೋಟೋ, ನಕ್ಷೆ ಕೇಳಿ. ಹಳೇ ಕನ್ನಡ, ತುಳು ಪುಸ್ತಕಗಳನ್ನು ನೋಡುವ ಆಸೆ ಇದ್ರೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಓದಬಹುದು.

ಕೊಡಿಯಾಲ್‌ಬೈಲ್_ನಿವಾಸಿ

ಅರ್ಧ ಬಾಟ್ಸೆನ್‌ನ ವಿಷಯ ನನಗೆ ಹೊಸತು. ಅಲ್ಲಿನ ಕೂಲಿಯವರ ಕಾಸು, ಇಲ್ಲಿನ ಕೂಲಿಯವರ ಕೆಲಸ. ಇದನ್ನು ಯೋಚಿಸ್ಬೇಕಾದ್ದೇ. ತಂದೆಯವರ ಪ್ರಶ್ನೆ ನನ್ನದಕ್ಕಿಂತ ದೊಡ್ಡದು, ಅವರಿಗೆ ಹೇಳಿ.

ಆದ್ರೆ ನನ್ನ ಸಂಕಟ ಬೇರೆ. ಬಾಸೆಲ್‌ನವರು ಗೋಡೆಯ ತುಂಡನ್ನೂ ಇಟ್ಕೊಂಡಿದ್ದಾರೆ. ನಾವು? ಬಿಜೈಯ ಶ್ರೀಮಂತಿಬಾಯಿ ಮ್ಯೂಸಿಯಂ ಉಂಟು, ಹಡಗಿನ ಆಕಾರದ ಮನೆ. ಡಾಕ್ಟರ್ ಮಿರಾಜ್‌ಕರ್ ತಾಯಿಯ ಹೆಸರಿನಲ್ಲಿ ಸರಕಾರಕ್ಕೆ ಕೊಟ್ಟದ್ದು, 1960ರಿಂದ ನಡೀತಿದೆ. ಅಲೋಶಿಯಸ್ ಕಾಲೇಜಿನಲ್ಲಿ 1913ರ ಮ್ಯೂಸಿಯಂ ಉಂಟು. ಬಿ.ಸಿ. ರೋಡಿನಲ್ಲಿ ತುಳು ಬದುಕಿನ ಸಂಗ್ರಹ, ಮಣಿಪಾಲದಲ್ಲಿ ಹಳೇ ಮನೆಗಳನ್ನೇ ಎತ್ತಿ ತಂದು ನಿಲ್ಲಿಸಿದ ಹಸ್ತಶಿಲ್ಪ ಗ್ರಾಮ. ಎಲ್ಲ ಒಳ್ಳೆಯದೇ. ಆದ್ರೆ ಹೆಂಚು, ಗೇರುಬೀಜ, ಬೀಡಿ, ಹೋಟೆಲು, ಬ್ಯಾಂಕು ಇಷ್ಟರಿಂದ ಎದ್ದ ಈ ಪೇಟೆಯ ಕತೆಯನ್ನು ಒಂದೇ ಕಡೆ ಹೇಳುವ ಜಾಗ ಎಲ್ಲುಂಟು? ಗೇರುಬೀಜ ಸುಲಿದ, ಬೀಡಿ ಕಟ್ಟಿದ ಹೆಂಗಸರ ಕೈಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ನೋಡುವುದು?

ರಥಬೀದಿ_ಉಡುಪಿ

ಬ್ಯಾಂಕಿನದ್ದು ಉಡುಪಿಯಲ್ಲಿ ಸ್ವಲ್ಪ ಉಂಟು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ಮ್ಯೂಸಿಯಂ ಮಾಡಿದ್ದಾರೆ. ಬ್ಯಾಂಕೇ ಈಗ ಬೇರೆ ಬ್ಯಾಂಕಿನಲ್ಲಿ ಸೇರಿಹೋಯಿತು. ಮಕ್ಕಳನ್ನು ಕರ್ಕೊಂಡು ಹೋಗಿ.

ಬಲ್ಮಠ_ಗುಡ್ಡೆ

ಕೊಡಿಯಾಲ್‌ಬೈಲ್‌ನವರ ಸಂಕಟ ನನ್ನದೂ ಹೌದು. ಒಂದು ಸಂಗತಿ ಹೇಳ್ಬೇಕು. 1661ರಲ್ಲಿ ಬಾಸೆಲ್‌ನಲ್ಲಿ ಅಮರ್‌ಬಾಕ್ ಮನೆತನದ ಚಿತ್ರ, ನಾಣ್ಯ, ಪುಸ್ತಕಗಳ ಸಂಗ್ರಹ ಮಾರಾಟಕ್ಕೆ ಬಂತು. ಆಮ್ಸ್ಟರ್‌ಡ್ಯಾಮ್‌ಗೆ ಹೋಗುವುದರಲ್ಲಿತ್ತು. ಊರಾಡಳಿತ ಮತ್ತು ವಿಶ್ವವಿದ್ಯಾಲಯ ಸೇರಿ ದುಡ್ಡು ಹಾಕಿ ಅದನ್ನು ಕೊಂಡವು. ರಾಜನದ್ದಲ್ಲ, ಊರಿನದ್ದು ಅಂತ ಆದ ಸಂಗ್ರಹಗಳಲ್ಲಿ ಯುರೋಪಿನಲ್ಲೇ ತೀರಾ ಹಳೆಯದು ಅದು. ಅದೇ ಊರು 1805ರಲ್ಲಿ ಸಾವಿನ ಕುಣಿತದ ಗೋಡೆ ಕೆಡವಿತು. ಉಳಿಸುವುದೂ ಕೆಡವುವುದೂ ಒಂದೇ ಊರಿನ ಜನ. ನಮ್ಮಲ್ಲಿ ಕೆಡವಿ ಆಗಿದೆ, ತುಂಡು ಎತ್ತಿಡುವ ಕೆಲಸಕ್ಕೆ ಇನ್ನೂ ಹೊತ್ತು ಉಂಟು. ಹೆಂಚಿನ ಅಚ್ಚುಗಳು, ಹಾಜರಿ ಪುಸ್ತಕ, ಸಂಘದ ರಶೀದಿ, ಸಂಬಳದ ಚೀಟಿ ಯಾರ ಮನೆಯಲ್ಲಾದ್ರೂ ಇದ್ರೆ ಬಿಸಾಡ್ಬೇಡಿ ಮಾರಾಯ್ರೆ.

ಜೆಪ್ಪು_ಹೊಳೆಬದಿ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಅಪ್ಪನನ್ನು ಕೂರಿಸ್ಕೊಂಡು ಆ ಫೋಟೋಗಳನ್ನು ನೋಡಿದೆವು. ಒಂದು ಫೋಟೋದಲ್ಲಿ ಹೆಂಗಸ್ರು ತಲೆ ಮೇಲೆ ಹಸಿ ಹೆಂಚು ಹೊತ್ತು ಸಾಲಾಗಿ ಹೋಗ್ತಿದ್ದರು. ಅಪ್ಪ ಒಂದು ಗಂಟೆ ಮಾತಾಡಿದರು. ಹಸಿ ಹೆಂಚು ಎಷ್ಟು ದಿನ ಒಣಗ್ಬೇಕು, ಮಳೆಗಾಲದಲ್ಲಿ ಏನು ಮಾಡುತ್ತಿದ್ದರು, ಬಿರುಕು ಬಿಟ್ಟದ್ದನ್ನು ಬೆರಳಿನಿಂದ ತಟ್ಟಿ ಶಬ್ದದಲ್ಲೇ ಹೇಗೆ ಹಿಡಿಯುವುದು. ಅಮ್ಮನಿಗೇ ಇದರಲ್ಲಿ ಅರ್ಧ ಗೊತ್ತಿರ್ಲಿಲ್ಲ. ಎಲ್ಲ ರೆಕಾರ್ಡ್ ಮಾಡಿದ್ದೇನೆ.

ಈಗ ಅಪ್ಪನಿಗೆ ಒಂದು ಹಟ. ಮಾಡಿನಿಂದ 1865ರ ಅಚ್ಚಿನ ಒಂದು ಹೆಂಚು ತೆಗೆದು ಬ್ಯಾಗಿನಲ್ಲಿ ಹಾಕ್ಕೊಂಡು ಹೋಗಿ ಮಿಶನ್ ಮನೆಯವರಿಗೆ ತೋರಿಸ್ಬೇಕಂತೆ. ಆಗ್ತದಾ?

ಮಣಿಪಾಲ_ಓದುಮನೆ

ಬೇಡ ಅಕ್ಕ. ತೂಕ ಒಂದು ಕಡೆ ಇರಲಿ, ಕಾನೂನಿನ ತೊಂದರೆ ಉಂಟು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. 1865 ಅನ್ನುವುದು ಕಾರ್ಖಾನೆ ಶುರುವಾದ ಇಸವಿ, ಹೆಂಚು ಅದೇ ವರ್ಷದ್ದು ಅಂತಲ್ಲ. ಆದ್ರೂ ಮಿಶನ್ ಹೆಸರಿನ ಅಚ್ಚು ಇದ್ದ ಮೇಲೆ ಅದು ಹೆಚ್ಚುಕಮ್ಮಿ ಮೊದಲ ಯುದ್ಧದ ಕಾಲದ ಒಳಗಿನದ್ದು, ನೂರು ದಾಟಿರ್ತದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಇಸವಿ ನೋಡಿ ನಿಲ್ಲಿಸಿದ್ರೆ ತಂದೆಯವರಿಗೆ ತೀರಾ ಬೇಜಾರಾಗ್ತದೆ.

ಅದರ ಬದಲು ಹೆಂಚನ್ನು ಕೆಳಗಿಳಿಸಿ, ಬ್ರಶ್ಶಿನಿಂದ ಪಾಚಿ ತೆಗೀರಿ. ಅಚ್ಚಿನ ಮೇಲೆ ತೆಳ್ಳಗಿನ ಬಿಳಿ ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ನಿಧಾನ ಉಜ್ಜಿ, ಅಕ್ಷರ ಎಲ್ಲ ಮೂಡ್ತದೆ. ಶಾಸನದವರು ಪಡಿಯಚ್ಚು ತೆಗೆಯುವ ಹಾಗೆಯೇ. ಎರಡು ಪ್ರತಿ ಮಾಡಿ, ಒಂದು ಮನೆಗೆ. ಉದ್ದ, ಅಗಲ, ತೂಕ, ಯಾವ ಮನೆಯ ಮಾಡಿನದ್ದು ಅಂತ ಕೆಳಗೆ ಬರೆದು ತಂದೆಯವರ ಸಹಿ ಹಾಕಿಸಿ. ರೆಕಾರ್ಡ್ ಮಾಡಿದ್ದರ ಸಾರಾಂಶವನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರ್ಕೊಂಡ್ರೆ ಆರ್ಕೈವ್‌ನವರಿಗೆ ಕೊಡಬಹುದು.

ಜೆಪ್ಪು_ಹೊಳೆಬದಿ

ಹಾಗೇ ಮಾಡ್ತೇವೆ. ಆರ್ಕೈವ್‌ಗೆ ಇವತ್ತೇ ಇ-ಮೇಲ್ ಬರೆದೆ. ಬೆಟ್ಟದ ಒಂದು ದಿನ ಕಡಿಮೆ ಮಾಡಿ ಲೀಸ್ಟಾಲ್ ಸೇರಿಸಲು ತಮ್ಮ ಒಪ್ಪಿದ್ದಾನೆ. ಮಗ್ಗದ ಮ್ಯೂಸಿಯಂಗೆ ಸ್ಟೇಷನ್ನಿನಿಂದ ದೂರ ಉಂಟಾ? ಅಪ್ಪನಿಗೆ ಮಂಡಿನೋವು.

ಬಲ್ಮಠ_ಗುಡ್ಡೆ

ಬಾಸೆಲ್‌ನಿಂದ ರೈಲು ಕಾಲು ಗಂಟೆಯಷ್ಟೇ. ಲೀಸ್ಟಾಲ್ ಸಣ್ಣ ಊರು, ಹಳೇ ಪೇಟೆಗೆ ಸ್ಟೇಷನ್ನಿನಿಂದ ನಿಧಾನ ನಡೆದುಕೊಂಡು ಹೋಗಬಹುದು. ಮಂಡಿನೋವಿಗೆ ಮಡಚುವ ಸಣ್ಣ ಸ್ಟೂಲ್ ಸಿಗ್ತದಾ ಅಂತ ಮ್ಯೂಸಿಯಂನ ಕೌಂಟರಿನಲ್ಲಿ ಕೇಳಿ, ಅಲ್ಲಿನ ಹಲವು ಮ್ಯೂಸಿಯಂಗಳಲ್ಲಿ ಕೊಡ್ತಾರೆ. ಮೊದಲ ದಿನ ಇಗರ್ಜಿ ಮ್ಯೂಸಿಯಂ, ಮರುದಿನ ಕಾಗದದ ಮಿಲ್ಲು, ಆಮೇಲೆ ಲೀಸ್ಟಾಲ್. ಆರ್ಕೈವ್ ಯಾವ ದಿನ ಕೊಡ್ತಾರೋ ಅದಕ್ಕೆ ಹೊಂದಿಸ್ಕೊಳ್ಳಿ. ಮಗ್ಗದ ಎದುರು ತಂದೆಯವರು ಏನು ಹೇಳ್ತಾರೆ ಅಂತ ಬಂದ ಮೇಲೆ ಇಲ್ಲಿ ಬರೆಯಿರಿ, ನಾವೆಲ್ಲ ಕಾಯ್ತೇವೆ.